ಏಳು ಐಬಿನ ಜೀಪು

ಬಂಗಾರಪೇಟೆಯ ದನದ ಸಂತೆಯಲ್ಲಿ ದಲ್ಲಾಳಿ ಕೋದಂಡಪ್ಪ ಮಾತಾಡುತ್ತಿದ್ದದ್ದು ಬಾಯಿಂದಲ್ಲ, ಬೆರಳಿನಿಂದ. ಹೆಗಲ ಮೇಲಿನ ಟವಲನ್ನು ಮಾರುವವನ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಅವನ ಬೆರಳು ಹಿಡಿದು ಒತ್ತುತ್ತಿದ್ದ. ಎಷ್ಟು ಬೆರಳು ಒತ್ತಿದನೋ ಅಷ್ಟು ರೇಟು. ಆಮೇಲೆ ಅದೇ ಟವಲು ಕೊಳ್ಳುವವನ ಕೈಮೇಲೆ. ಸುತ್ತ ನಿಂತ ಐವತ್ತು ಜನಕ್ಕೆ ಕಾಣುತ್ತಿದ್ದದ್ದು ಮಿಸುಕಾಡುವ ಬಟ್ಟೆ ಮಾತ್ರ. ರೇಟನ್ನು ಬಾಯಲ್ಲಿ ಕೂಗುವುದು ಸಂತೆಯಲ್ಲಿ ಮಾನಗೇಡಿ ಕೆಲಸ. ಕೂಗಿದ ಮೇಲೆ ವ್ಯಾಪಾರ ಮುರಿದರೆ ಆ ಎತ್ತಿಗೆ ಕೆಟ್ಟ ಹೆಸರು ಅಂಟಿಕೊಳ್ಳುತ್ತದೆ, ಮುಂದಿನ ವಾರ ಅದರ ಹತ್ತಿರ ಯಾರೂ ಸುಳಿಯುವುದಿಲ್ಲ.

ಮೂವತ್ತು ವರ್ಷ ಅವನು ಹೀಗೆ ಬೆರಳಿನ ಮೇಲೆ ಸಂಸಾರ ಸಾಗಿಸಿದ್ದ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿದರೆ ವಯಸ್ಸು, ಬೆನ್ನ ಮೇಲೆ ಕೈಯಾಡಿಸಿದರೆ ಸುಳಿ, ನಾಲ್ಕು ಹೆಜ್ಜೆ ನಡೆಸಿದರೆ ಅದರ ಜಾತಕವೇ ಅವನಿಗೆ ತಿಳಿಯುತ್ತಿತ್ತು. ಎತ್ತಿಗಿಂತ ಹೆಚ್ಚಾಗಿ ಅವನು ನೋಡುತ್ತಿದ್ದದ್ದು ಮಾರುವವನ ಮುಖ. ಮಾರುವವನು ಬಾಲ ಹೊಗಳಿದರೆ ಕಾಲು ನೋಡಬೇಕು, ಕಾಲು ಹೊಗಳಿದರೆ ಕಣ್ಣು ನೋಡಬೇಕು. ಇದು ಅವನ ವಿದ್ಯೆ. ಅವನಿಗೊಂದು ಧರ್ಮವೂ ಇತ್ತು. ಕೇಳಿದರೆ ಸುಳ್ಳು ಹೇಳಬಾರದು, ಕೇಳದಿದ್ದರೆ ಐಬು ಹೇಳಬಾರದು. ಕೊಳ್ಳುವವನಿಗೇನು ಕಣ್ಣಿಲ್ಲವೇ ಎನ್ನುತ್ತಿದ್ದ. ಹೇಳಿಕೊಳ್ಳಲು ಚೆಂದದ ಧರ್ಮ. ಕಳ್ಳನಿಗೊಂದು ಪಿಳ್ಳೆನೆವ ಬೇಕಲ್ಲ.

ಈ ಧರ್ಮವೇ ಅವನ ಕಾಲಿಗೆ ಸುತ್ತಿಕೊಂಡಿತು. ಐವತ್ತೈದನೇ ಇಸವಿಯಲ್ಲಿ ಅವನ ಷಡ್ಡಕ ಶ್ರೀರಾಮಪ್ಪನ ಜೋಡಿಯಲ್ಲಿ ಒಂದೆತ್ತು ಸತ್ತು, ಉಳಿದದ್ದಕ್ಕೆ ಜೊತೆ ಬೇಕಾಯಿತು. ಶ್ರೀರಾಮಪ್ಪ ಬಂಗಾರಪೇಟೆಗೆ ಮೂರು ಮೈಲಿ ದೂರದ ಹಳ್ಳಿಯ ಆಲೂಗಡ್ಡೆ ಬೆಳೆಗಾರ. ಕೋದಂಡಪ್ಪನ ಹೆಂಡತಿ ಚಿಕ್ಕವೆಂಕಟಮ್ಮನ ತಂಗಿ ಮುನಿನಾರಾಯಣಮ್ಮನನ್ನು ಮದುವೆಯಾಗಿದ್ದವನು. ಕೋದಂಡಪ್ಪ ಒಂದು ಬಿಳಿಯ ಎತ್ತು ಹುಡುಕಿಕೊಟ್ಟ. ನೋಡಲು ನಂದಿಯ ಹಾಗಿತ್ತು. ಅದಕ್ಕೊಂದು ಚಾಳಿ ಇತ್ತು. ಬಿಸಿಲೇರಿದಾಗ ಹೊರೆ ಹೆಚ್ಚಾದರೆ, ಮುನ್ಸೂಚನೆ ಇಲ್ಲದೆ ದಡಕ್ಕನೆ ಮಲಗಿಬಿಡುವುದು. ಮಾರುವವನ ಕಡೆಯಿಂದಲೇ ಇದು ಕೋದಂಡಪ್ಪನಿಗೆ ಗೊತ್ತಾಗಿತ್ತು. ಶ್ರೀರಾಮಪ್ಪ ಕೇಳಲಿಲ್ಲ. ಮನೆಯವನೇ ಕೊಡಿಸುವಾಗ ಏನು ಕೇಳುವುದು? ಕೇಳಲಿಲ್ಲವಾದ್ದರಿಂದ ಕೋದಂಡಪ್ಪ ಹೇಳಲಿಲ್ಲ, ಎರಡೂ ಕಡೆಯಿಂದ ದಲ್ಲಾಳಿ ಹಣ ತೆಗೆದುಕೊಂಡು ಮನೆಗೆ ಹೋದ.

ತಿಂಗಳು ಕಳೆಯುವಷ್ಟರಲ್ಲಿ ಕೆರೆ ಏರಿಯ ಮೇಲೆ, ಹೆಂಗಸರು ತುಂಬಿದ್ದ ಗಾಡಿಯ ನೊಗದಲ್ಲಿ, ಆ ಎತ್ತು ಮಲಗಿತು. ಗಾಡಿ ಮಗುಚಿತು. ಶ್ರೀರಾಮಪ್ಪನ ತಾಯಿ ಅಕ್ಕಯ್ಯಮ್ಮನ ಸೊಂಟ ಮುರಿಯಿತು. ಕೋದಂಡಪ್ಪ ಓಡಿಬಂದ, ತಾನೇ ಆಕೆಯನ್ನು ಕರೆದುಕೊಂಡು ಹೋಗಿ ಮುರಿದ ಮೂಳೆಗೆ ಪುತ್ತೂರು ಕಟ್ಟು ಹಾಕಿಸಿದ, ತಿಂಗಳುಗಟ್ಟಲೆ ಮೊಟ್ಟೆ ತುಪ್ಪ ಕಳಿಸಿದ. ಮೂಳೆ ಕೂಡಿತು. ಆದರೆ ಗಾಡಿಯ ಕುಲುಕಾಟ ಆಕೆಗೆ ಮತ್ತೆ ತಡೆಯಲಾಗಲಿಲ್ಲ. ಕುಪ್ಪಂ ಹತ್ತಿರದ ತವರಲ್ಲಿ ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಲು ಹೋಗಲಾರದೆ ಮೂರು ವರ್ಷ ಜಗಲಿಯಲ್ಲೇ ಕುಳಿತಳು. ಯಾರದೋ ಕಣ್ಣು ಬಿತ್ತು ಎಂದರು ಮನೆಯವರು. ಎತ್ತನ್ನು ತೆಗೆದುಹಾಕಬೇಕೆಂದಾಗ ಕೋದಂಡಪ್ಪನೇ ಅದನ್ನು ವಿ. ಕೋಟೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಅಲ್ಲಿಯೂ ಯಾರೂ ಕೇಳಲಿಲ್ಲ.

ಚಿಕ್ಕವೆಂಕಟಮ್ಮ ಮಾತ್ರ ಒಂದು ಸಲ, ಒಲೆಯ ಮುಂದೆ ಕುಳಿತು, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದ್ದಳು. ಕೋದಂಡಪ್ಪ ತಟ್ಟೆ ನೂಕಿ ಎದ್ದುಹೋಗಿದ್ದ. ಅವಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ತಂಗಿಯ ಮನೆಗೆ ಹೋದರೆ ಅವಳು ಅಕ್ಕಯ್ಯಮ್ಮನ ಮುಖ ನೋಡದೆ ಹಿತ್ತಲ ಕೆಲಸಕ್ಕೆ ನುಗ್ಗುತ್ತಿದ್ದಳು.

ಐವತ್ತೆಂಟರಲ್ಲಿ ಆಲೂಗಡ್ಡೆ ಕೈಹಿಡಿಯಿತು. ಶ್ರೀರಾಮಪ್ಪ ಬಂದು, ಮನೆಮಂದಿ ಹದಿನಾಲ್ಕು ಜನವೂ ಒಟ್ಟಿಗೆ ಕೂರುವಂಥ, ಅಮ್ಮನ ಸೊಂಟಕ್ಕೆ ನೋವಾಗದಂಥ ಮೋಟಾರು ಗಾಡಿ ಬೇಕು ಎಂದ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನಿನಲ್ಲಿ ಆರುಮುಗಂ ಎಂಬ ಫಿಟ್ಟರು ಒಂದು ಜೀಪು ಮಾರಲಿಕ್ಕಿಟ್ಟಿದ್ದಾನೆಂದು ಅವನಿಗೆ ಸುದ್ದಿ ಸಿಕ್ಕಿತ್ತು. ತನ್ನ ತಮ್ಮ ಸೀನಪ್ಪ ಲಾರಿ ಓಡಿಸುವುದು ಕಲಿತವನು, ಗಾಡಿ ಓಡಿಸಲು ಅವನಿದ್ದಾನೆ, ರೇಟು ಮಾತ್ರ ಕೋದಂಡಪ್ಪನೇ ಕುದುರಿಸಬೇಕು ಎಂದ.

"ನೀನು ಯೇಳಿದ್ದೇ ರೇಟು ಕಣಣ್ಣ," ಅಂದ ಶ್ರೀರಾಮಪ್ಪ. "ನಾನು ಎದುರಾಡಾಕಿಲ್ಲ."

ಆ ಮಾತು ಕೋದಂಡಪ್ಪನ ಎದೆಗೆ ನಾಟಿತು. ಒಳ್ಳೆಯ ಗಾಡಿಯನ್ನು ನ್ಯಾಯವಾದ ರೇಟಿಗೆ ಕೊಡಿಸಿ, ಅಕ್ಕಯ್ಯಮ್ಮನನ್ನು ತವರಿಗೆ ಮುಟ್ಟಿಸಿದರೆ ಬಿಳಿ ಎತ್ತಿನ ಪಾಪ ಯಾರಿಗೂ ಬಾಯಿಬಿಡದೆಯೇ ತೀರುತ್ತದೆ ಎಂದುಕೊಂಡ. ದಲ್ಲಾಳಿ ಹಣ ಒಂದು ಕಾಸೂ ಬೇಡ ಎಂದೂ ಹೇಳಿದ. ಶ್ರೀರಾಮಪ್ಪನಿಗೆ ಆಶ್ಚರ್ಯವಾಯಿತು, ಚಿಕ್ಕವೆಂಕಟಮ್ಮನಿಗೆ ಆಗಲಿಲ್ಲ.

ಮರುದಿನವೇ ರೈಲು ಹತ್ತಿ ಹೋದ. ಜೀಪು ಲೈನು ಮನೆಯ ಮುಂದೆ ನಿಂತಿತ್ತು. ಯುದ್ಧ ಮುಗಿದಾಗ ಹರಾಜಿನಲ್ಲಿ ತಂದ ಮಿಲಿಟರಿ ಜೀಪಿನ ಹಿಂಭಾಗವನ್ನು ಉದ್ದ ಮಾಡಿ, ತೇಗದ ಚೌಕಟ್ಟು ಕಟ್ಟಿ, ತಗಡು ಹೊದಿಸಿ, ಎದುರುಬದುರು ಎರಡು ಉದ್ದ ಸೀಟು ಹಾಕಿ, ಆರುಮುಗಂ ಆರು ವರ್ಷ ಕೂತು ಅದನ್ನು ಮನೆಮಂದಿಯ ಗಾಡಿಯಾಗಿ ಮಾಡಿದ್ದ. ಬಣ್ಣ ಇನ್ನೂ ಹೊಸದು. ಆರುಮುಗಂ ತೆಳ್ಳಗಿನ, ಎತ್ತರದ ಮನುಷ್ಯ. ಗಣಿಯ ಕೆಲಸ ಮುಗಿದಿತ್ತು, ತಿಂಗಳ ಕೊನೆಗೆ ಲೈನು ಮನೆ ಬಿಡಬೇಕಿತ್ತು. ಆಂಬೂರು ಕಡೆಯ ಅವನ ಹಳ್ಳಿಗೆ ರಸ್ತೆಯೇ ಇರಲಿಲ್ಲ.

ಕೋದಂಡಪ್ಪ ಜೀಪನ್ನು ಒಂದು ಸುತ್ತು ಬಂದ. ಅಲ್ಲಿಂದಲೇ ಅವನ ಗೊಂದಲ ಶುರುವಾಯಿತು. ಹಲ್ಲಿಲ್ಲ, ಬಾಲವಿಲ್ಲ, ಸುಳಿಯಿಲ್ಲ. ಮುಂದಿನ ದೀಪಗಳನ್ನು ನೋಡಿದ, ಅವು ಅವನನ್ನೇ ನೋಡಿದವು. ಚಕ್ರವನ್ನು ಒದ್ದ, ಕಾಲು ನೋಯಿತು. ಏನು ತಿನ್ನುತ್ತದೆ, ಎಷ್ಟು ಕೈ ಬದಲಾಗಿದೆ ಎಂದೆಲ್ಲ ಕೇಳಿ, ಕೊನೆಗೆ ತನಗೆ ಗೊತ್ತಿದ್ದ ದಾರಿಗೇ ಬಂದ. ಟವಲು ತೆಗೆದು ಆರುಮುಗಂನ ಕೈಮೇಲೆ ಹೊದಿಸಿ ಬೆರಳು ಹಿಡಿದ. ಅವನು ಪಾಪ, ಕೈ ಒರೆಸಿಕೊಳ್ಳಲಿಕ್ಕೆಂದು ತಿಳಿದು, ಟವಲಿನಲ್ಲಿ ಗ್ರೀಸು ಒರೆಸಿ ಮಡಚಿ ವಾಪಸು ಕೊಟ್ಟ. ಆಮೇಲೆ ಬೀದಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರಿಗೂ ಕೇಳಿಸುವಂತೆ, ಮೂರು ಸಾವಿರ ಎಂದ. ಕೋದಂಡಪ್ಪನಿಗೆ ಯಾರೋ ನಡುಬೀದಿಯಲ್ಲಿ ಪಂಚೆ ಎಳೆದಂತಾಯಿತು.

ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ರೇಟಿನ ಮಾತು ಆಮೇಲೆ, ಮೊದಲು ಐಬು ಕೇಳಿಕೊಳ್ಳಿ ಎಂದ ಆರುಮುಗಂ. ಒಂದೊಂದನ್ನೂ ಮುಟ್ಟಿ ತೋರಿಸುತ್ತ ಹೇಳಿಕೊಂಡು ಹೋದ. ಇಳಿಜಾರಿನಲ್ಲಿ ಮೂರನೆಯ ಗೇರು ಹಾರುತ್ತದೆ, ಕೈಯಲ್ಲಿ ಒತ್ತಿ ಹಿಡಿದಿರಬೇಕು. ಹತ್ತು ಮೈಲಿ ಓಡಿದರೆ ಕಾಯುತ್ತದೆ, ನೀರಿನ ಡಬ್ಬ ಜೊತೆಗಿರಬೇಕು. ಮಳೆಯಲ್ಲಿ ಬ್ರೇಕನ್ನು ಎರಡು ಸಲ ತುಳಿಯಬೇಕು. ಹಿಂದಿನ ಬಾಗಿಲ ಚಿಲಕ ಹಳ್ಳಕ್ಕೆ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಏಳುವುದಿಲ್ಲ, ಹ್ಯಾಂಡಲು ತಿರುಗಿಸಬೇಕು. ಬಲಗಡೆ ಸೀಟಿನ ಮೇಲೆ ಸೋರುತ್ತದೆ. ಏಳನೆಯದು ದೊಡ್ಡದು ಎಂದು ಕೋದಂಡಪ್ಪನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಗಾಡಿಯ ಅಡಿಯ ಕಬ್ಬಿಣದಲ್ಲಿ ಬಿಟ್ಟಿದ್ದ ಬಿರುಕನ್ನೂ ತಾನು ಹಾಕಿದ ಬೆಸುಗೆಯನ್ನೂ ತೋರಿಸಿದ. ಆರು ತಿಂಗಳಿಗೊಮ್ಮೆ ಅದನ್ನು ನೋಡದಿದ್ದರೆ ಪ್ರಾಣಕ್ಕೆ ಬರುತ್ತದೆ ಎಂದ.

ಮೂವತ್ತು ವರ್ಷದಲ್ಲಿ ಮಾರುವವನ ಬಾಯಿಂದ ಕೋದಂಡಪ್ಪ ಐಬು ಕೇಳಿದ್ದೇ ಇಲ್ಲ. ಅಂಗಾತ ಮಲಗಿದ್ದವನಿಗೆ ಏಳಬೇಕೆಂಬುದೇ ಮರೆತುಹೋಯಿತು.

"ಅಲ್ಲ ಕಣಪ್ಪಾ, ನಿಂಗೆ ಮಾರೋ ಮನ್ಸೈತಾ ಇಲ್ವಾ?" ಎಂದು ಅಡಿಯಿಂದಲೇ ಕೇಳಿದ.

"ಮಾರ್ಬೇಕು ಅಂತಾನೇ ಅಯ್ಯಾ ಹೇಳ್ತಾ ಇರೋದು," ಅಂದ ಆರುಮುಗಂ.

ದಾರಿಯುದ್ದಕ್ಕೂ ಕೋದಂಡಪ್ಪ ಲೆಕ್ಕ ಹಾಕಿದ. ಏಳು ಐಬನ್ನು ತಾನಾಗಿ ಒಪ್ಪಿಕೊಳ್ಳುವವನು ಎಂಟನೆಯದನ್ನು ಬಚ್ಚಿಟ್ಟಿರಲೇಬೇಕು. ಬಾಲ ಹೊಗಳಿದರೆ ಕಾಲು ನೋಡಬೇಕು, ಸರಿ. ಬಾಲ ಕಾಲು ಕಣ್ಣು ಎಲ್ಲವನ್ನೂ ತೆಗಳಿದರೆ ಎಲ್ಲಿ ನೋಡಬೇಕು? ಗಾಡಿಯಲ್ಲಿ ಯಾರಾದರೂ ಸತ್ತಿದ್ದಾರೋ, ಕದ್ದ ಮಾಲೋ, ಪೊಲೀಸು ಕೇಸೋ? ಅವನಿಗೆ ಒಂದೂ ಬಗೆಹರಿಯಲಿಲ್ಲ.

ನ್ಯಾಯವಾದ ರೇಟು ಎಷ್ಟೆಂದು ಊರಲ್ಲಿ ವಿಚಾರಿಸಿದ. ಅದು ಇನ್ನೂ ಕೆಟ್ಟಿತು. ಬಂಗಾರಪೇಟೆಯ ಬಸ್ಸಿನ ಏಜೆಂಟು ಐದು ಸಾವಿರಕ್ಕೂ ಮೋಸವಿಲ್ಲ ಎಂದ. ಲಾರಿ ಮಾಲೀಕನೊಬ್ಬ ತೂಕಕ್ಕೆ ಹಾಕಿದರೆ ಎಂಟುನೂರು ಬಂದೀತು ಎಂದು ನಕ್ಕ. ಅಕ್ಕಿ ಗಿರಣಿಯ ಮುನಿಸ್ವಾಮಪ್ಪ, ಸ್ವಂತಕ್ಕೆ ಸೈಕಲ್ಲೂ ಇಲ್ಲದವನು, ಅರ್ಧ ಗಂಟೆ ಭಾಷಣ ಮಾಡಿ ಎರಡು ಸಾವಿರದ ಇನ್ನೂರೈವತ್ತಕ್ಕೆ ನಿಲ್ಲಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರ ಮಾತು ಕೇಳಿ ಕೋದಂಡಪ್ಪನ ತಲೆ ಸಂತೆಯ ಮೈದಾನವಾಯಿತು.

ಎರಡನೆಯ ಸಲ ಸೀನಪ್ಪನನ್ನೂ ಒಬ್ಬ ಕಮ್ಮಾರನನ್ನೂ ಕರೆದುಕೊಂಡು ಹೋಗಿ, ನೇರವಾಗಿ ಎರಡು ಸಾವಿರ ಎಂದ. ಬಾಯಲ್ಲಿ ರೇಟು ಹೇಳುವಾಗ ಅವನಿಗೆ ಬೆವರು ಬಂತು. ಆರುಮುಗಂ ಕೋಪಿಸಿಕೊಳ್ಳಲಿಲ್ಲ, ಅಳಲಿಲ್ಲ, ಮಕ್ಕಳ ಮೇಲೆ ಆಣೆ ಇಡಲಿಲ್ಲ, ಸಂತೆಯಲ್ಲಿ ಮಾಡುವ ಯಾವ ಮರ್ಯಾದಸ್ಥ ಕೆಲಸವನ್ನೂ ಮಾಡಲಿಲ್ಲ. ಏಳು ಐಬಿಗೂ ಇಳಿಸಿಯೇ ತಾನು ಮೂರು ಸಾವಿರ ಹೇಳಿರುವುದು, ಹೇಳದೆ ಉಳಿಸಿದ ಎಂಟನೆಯ ಐಬು ಒಂದನ್ನು ತೋರಿಸಿದರೆ ಸಾವಿರ ಇಳಿಸುತ್ತೇನೆ ಎಂದ.

ಇದಕ್ಕಿಂತ ಚೆಂದದ ಮಾತು ದಲ್ಲಾಳಿಗೆ ಬೇಕೇ? ಮೂವರೂ ಜೀಪಿಗೆ ಮುತ್ತಿಕೊಂಡರು. ಸೀನಪ್ಪ ಉರಿಗಾಂ ತನಕ ಹತ್ತಾರು ಸಲ ಹೋಗಿಬಂದು ಓಡಿಸಿ ನೋಡಿದ. ಕಮ್ಮಾರ ಅಡಿಯಲ್ಲಿ ನುಸುಳಿ ಎಲ್ಲ ಕಡೆ ಸುತ್ತಿಗೆಯಲ್ಲಿ ತಟ್ಟಿದ. ಕೋದಂಡಪ್ಪ ಇಂಜಿನ್ನಿಗೆ ಕಿವಿಯಿಟ್ಟು ಕೆನ್ನೆ ಸುಟ್ಟುಕೊಂಡ. ಮೂರು ಗಂಟೆ ಕಳೆದರೂ ಸಿಕ್ಕಿದ್ದು ಆ ಏಳೇ. ಗೇರು ಇಳಿಜಾರಿನಲ್ಲೇ ಹಾರಿತು, ಹತ್ತನೆಯ ಮೈಲಿಗೇ ಕಾದಿತು. ಆರುಮುಗಂ ಮಾತ್ರ ಹೊಸ್ತಿಲ ಮೇಲೆ ಕುಳಿತು ಬೀಡಿ ಸೇದುತ್ತ, ಏನಾದರೂ ಸಿಕ್ಕಿದರೆ ತನಗೂ ತೋರಿಸಿ, ನೋಡಿ ಸರಿಮಾಡುತ್ತೇನೆ ಎಂದು ಹೇಳುತ್ತಿದ್ದ.

ಕೋದಂಡಪ್ಪನಿಗೆ ಸಿಟ್ಟೇ ಬಂತು. ಯಾಕೆ ಹೀಗೆ ಎಲ್ಲ ಬಿಚ್ಚಿ ಹೇಳುತ್ತೀಯ, ನನಗಿಂತ ಮುಂಚೆ ಬಂದ ಇಬ್ಬರು ಗಿರಾಕಿಗಳು ಐಬು ಕೇಳಿಯೇ ಓಡಿಹೋದರಂತಲ್ಲ ಎಂದು ಜಬರಿಸಿದ. ಆರುಮುಗಂ ಬೀಡಿ ಆರಿಸಿ, ಗಣಿಯೊಳಗಿನ ರೂಢಿಯನ್ನು ನಿಧಾನವಾಗಿ ಹೇಳಿದ. ಕೆಳಗೆ ಪಾಳಿ ಬದಲಾಗುವಾಗ ಕೆಲಸ ಮುಗಿಸಿದವನು ಸುಮ್ಮನೆ ಮೇಲೆ ಬರುವಂತಿಲ್ಲ. ಎಲ್ಲಿ ಆಸರೆಯ ಮರ ಸಡಿಲವಾಗಿದೆ, ಎಲ್ಲಿ ಕಲ್ಲು ಚಟಚಟನೆ ಮಾತಾಡುತ್ತಿದೆ, ಯಾವ ಏಣಿಯ ಮೆಟ್ಟಿಲು ಅಲ್ಲಾಡುತ್ತದೆ, ಎಲ್ಲವನ್ನೂ ಮುಂದಿನ ಪಾಳಿಯವನಿಗೆ ಹೇಳಬೇಕು. ಅವನು ಅದನ್ನೆಲ್ಲ ಬಾಯಿಬಿಟ್ಟು ತಿರುಗಿ ಒಪ್ಪಿಸಬೇಕು. ಒಪ್ಪಿಸಿದ ಮೇಲೆಯೇ ಇವನಿಗೆ ಮೇಲಿನ ಗಾಳಿ. ಆರುಮುಗಂನ ತಂಗಿಯ ಗಂಡನಿಗೆ ಒಂದು ಸಲ ಹಿಂದಿನ ಪಾಳಿಯವನೊಬ್ಬ ಹೇಳದೆ ಮೇಲೆ ಬಂದಿದ್ದ. ಅಂದು ಹಬ್ಬವಿತ್ತು, ಅವನಿಗೆ ಮನೆಗೆ ಹೋಗುವ ಅವಸರ.

"ಅವನು ಸುಳ್ಳು ಹೇಳ್ಲಿಲ್ಲ ಅಯ್ಯಾ," ಅಂದ ಆರುಮುಗಂ. "ಸುಮ್ನೆ ಇದ್ದ, ಅಷ್ಟೇ. ನನ್ ತಂಗಿ ಇಪ್ಪತ್ತೆರಡು ವಯಸ್ಸಿಗೆ ತಾಲಿ ತೆಗೆದ್ಳು."

ಕೋದಂಡಪ್ಪ ಆ ದಿನ ಮನೆಯಲ್ಲಿ ಉಣ್ಣಲಿಲ್ಲ. ಚಿಕ್ಕವೆಂಕಟಮ್ಮ ಏನಾಯಿತೆಂದು ಕೇಳಿದ್ದಕ್ಕೆ, ಆ ಮನುಷ್ಯ ನನ್ನ ವಿದ್ಯೆಯನ್ನೇ ಕೆಡಿಸಿಬಿಟ್ಟ ಎಂದು ಗೊಣಗಿದ. ಅದು ನಿಜ. ಸುಳ್ಳಿಗೆ ಎಷ್ಟು ಕಳೆಯಬೇಕೆಂದು ಅವನಿಗೆ ಗೊತ್ತಿತ್ತು, ನಿಜಕ್ಕೆ ಎಷ್ಟು ಕೊಡಬೇಕೆಂದು ಗೊತ್ತಿರಲಿಲ್ಲ.

ಹಾಗೆಂದು ಅವನು ಒಂದೇ ದಿನಕ್ಕೆ ಸಾಧುವಾದನೆಂದು ತಿಳಿಯಬೇಡಿ. ಹುಟ್ಟುಗುಣ ಸುಟ್ಟರೂ ಹೋಗದು. ತಿಂಗಳ ಕೊನೆಗೆ ಆರುಮುಗಂ ಲೈನು ಮನೆ ಬಿಡಬೇಕಲ್ಲ, ಕೊನೆಯ ದಿನದ ತನಕ ಕಾದರೆ ಎರಡು ಸಾವಿರಕ್ಕೂ ಬರುತ್ತಾನೆ, ಶ್ರೀರಾಮಪ್ಪನಿಗೆ ಸಾವಿರ ಉಳಿಸಿಕೊಟ್ಟಂತೆ ಆಗುತ್ತದೆ ಎಂಬ ಹಳೆಯ ಬುದ್ಧಿ ಒಳಗೇ ಕೂತಿತ್ತು. ಇಪ್ಪತ್ತೆಂಟನೇ ತಾರೀಕಿನ ತನಕ ಅವನು ಆ ಕಡೆ ತಲೆ ಹಾಕಲಿಲ್ಲ. ಅಷ್ಟು ದಿನವೂ ಅವನಿಗೆ ಒಂದು ಗಳಿಗೆ ತಾನು ಜಾಣನಂತೆಯೂ ಇನ್ನೊಂದು ಗಳಿಗೆ ಕಟುಕನಂತೆಯೂ ಕಾಣುತ್ತಿತ್ತು.

ಇಪ್ಪತ್ತೆಂಟರಂದು ಹೋದಾಗ ಲೈನು ಮನೆಯ ಪಾತ್ರೆಪಗಡಿಯೆಲ್ಲ ಗೋಣಿಚೀಲ ಸೇರಿತ್ತು. ಬೇರೆ ಗಿರಾಕಿ ಬಂದಿರಲಿಲ್ಲ. ಕೋದಂಡಪ್ಪ ಬಾಯಿ ತೆರೆಯುವ ಮೊದಲೇ ಆರುಮುಗಂ ತನ್ನ ತೀರ್ಮಾನ ಹೇಳಿಬಿಟ್ಟ. ತಾನಿನ್ನು ರೇಟು ಹೇಳುವುದಿಲ್ಲ. ನಾಳೆ ಭಾನುವಾರ, ಗಾಡಿಯನ್ನು ತಾನೇ ಆ ಹಳ್ಳಿಗೆ ತರುತ್ತೇನೆ. ಅದರಲ್ಲಿ ಕೂರುವವರು ಆ ಮನೆಯ ಹೆಂಗಸರು ಮಕ್ಕಳು. ಅವರೆಲ್ಲರ ಮುಂದೆ ಕೋದಂಡಪ್ಪ ಏಳು ಐಬನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಆಮೇಲೂ ಅವರಿಗೆ ಬೇಕೆಂದರೆ, ರೇಟನ್ನು ಕೋದಂಡಪ್ಪನೇ ಹೇಳಲಿ. ಅವನು ಹೇಳಿದಷ್ಟು ತೆಗೆದುಕೊಂಡು ಹೋಗುತ್ತೇನೆ.

"ಎಷ್ಟ್ ಯೇಳಿದ್ರೂನಾ?" ಎಂದ ಕೋದಂಡಪ್ಪ, ತನ್ನ ಕಿವಿಯನ್ನೇ ನಂಬದೆ.

"ಎಷ್ಟ್ ಹೇಳಿದ್ರೂ. ಐಬು ಒಪ್ಪಿಸಿದವನು ಸುಳ್ಳು ರೇಟು ಹೇಳಲ್ಲ ಅಯ್ಯಾ."

ಇಂಥ ಮೂರ್ಖನನ್ನೋ ಇಂಥ ಘಟಿಂಗನನ್ನೋ ಕೋದಂಡಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದೆ ಆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ.

ಭಾನುವಾರ ಬೆಳಿಗ್ಗೆ ಆರುಮುಗಂ ಬಂಗಾರಪೇಟೆಗೆ ಬಂದು ಗಂಡಹೆಂಡಿರನ್ನು ಹತ್ತಿಸಿಕೊಂಡ. ಹಳ್ಳಿಗೆ ಹೋಗುವ ಮೊದಲು ರೈಲ್ವೆ ಗೇಟಿನ ಬಳಿ ಗಾಡಿ ಹೊಗೆಯಾಡಿತು. ಅವನು ಇಳಿದು ನೀರು ಹಾಕಿದ. ಹೇಳಿದ ಐಬು ಹೇಳಿದ ಹಾಗೆಯೇ ಕಾಣಿಸಿಕೊಂಡದ್ದು ನೋಡಿ ಕೋದಂಡಪ್ಪನಿಗೆ ಯಾಕೋ ಸಮಾಧಾನವಾಯಿತು. ಚಿಕ್ಕವೆಂಕಟಮ್ಮ ಹಿಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಕಂಬಿ ಹಿಡಿದು ಕುಳಿತಿದ್ದಳು.

ಶ್ರೀರಾಮಪ್ಪನ ಅಂಗಳದಲ್ಲಿ ಹದಿನಾಲ್ಕು ಜನವೂ ನೆರೆದಿದ್ದರು, ನೋಡಲು ಬಂದ ಊರವರು ಬೇರೆ. ಮುನಿನಾರಾಯಣಮ್ಮ ಆರತಿ ತಟ್ಟೆ ಹಿಡಿದು ಸಿದ್ಧಳಾಗಿದ್ದಳು. ಅಕ್ಕಯ್ಯಮ್ಮ ಜಗಲಿಯಲ್ಲಿ ದಿಂಬಿಗೆ ಒರಗಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಗಾಡಿ ನೋಡುತ್ತಿದ್ದಳು. ಆರತಿ ಆಮೇಲೆ, ಮೊದಲು ಐಬು ಎಂದ ಆರುಮುಗಂ. ಎಲ್ಲರಿಗೂ ಅದೇನೆಂದೇ ಅರ್ಥವಾಗಲಿಲ್ಲ.

ಕೋದಂಡಪ್ಪ ಗಂಟಲು ಸರಿಮಾಡಿಕೊಂಡ. ಅವನ ಆಯುಷ್ಯದಲ್ಲಿ ಇದೊಂದು ಕೆಲಸವನ್ನು ಅವನು ಮಾಡಿರಲಿಲ್ಲ. ಮೊದಲನೆಯದು ಗೇರು ಎಂದ, ಧ್ವನಿ ಕೀರಲಾಯಿತು. ಎರಡನೆಯದು ನೀರು ಎಂದ. ಜನ ನಕ್ಕರು. ಬ್ರೇಕು, ಚಿಲಕ, ಬ್ಯಾಟರಿ ಎನ್ನುವಷ್ಟರಲ್ಲಿ ನಗು ನಿಂತು, ಮುನಿನಾರಾಯಣಮ್ಮ ತಟ್ಟೆಯನ್ನು ಕೆಳಗಿಟ್ಟಳು. ಸೋರುವ ಜಾಗ ತೋರಿಸಿದ. ಕೊನೆಗೆ ಅಡಿಯ ಬಿರುಕನ್ನು ಹೇಳಿ, ಆರು ತಿಂಗಳಿಗೊಮ್ಮೆ ನೋಡದಿದ್ದರೆ ಪ್ರಾಣಕ್ಕೆ ಬರುತ್ತದೆಂದು ಸೀನಪ್ಪನ ಕೈಯಿಂದ ಮುಟ್ಟಿಸಿದ. ಏಳು ಮುಗಿಯಿತು. ಕೋದಂಡಪ್ಪನ ಎದೆ ಹಗುರಾಗುತ್ತಿತ್ತು. ಇಷ್ಟು ಸುಲಭವೇ ಇದು ಎನಿಸಿತು.

ಆಗ ಜಗಲಿಯಿಂದ ಅಕ್ಕಯ್ಯಮ್ಮ ಕೇಳಿದಳು. ಆಕೆಯ ಮಾತಿನಲ್ಲಿ ಅನುಮಾನವೇನೂ ಇರಲಿಲ್ಲ. ಮುದುಕಿಯರು ಎಲ್ಲ ಮುಗಿದ ಮೇಲೆ ಒಂದು ಮಾತು ಕೇಳುತ್ತಾರಲ್ಲ, ಅಷ್ಟೇ.

"ಇಷ್ಟೇನಾ ಕೋದಂಡ? ಇನ್ನೇನೂ ಮುಚ್ಚಿಟ್ಟಿಲ್ಲ ತಾನೇ ನೀನು?"

ಮೂರು ವರ್ಷದಲ್ಲಿ ಆ ಮನೆಯವರು ಅವನನ್ನು ಕೇಳಿದ್ದು ಅದೇ ಮೊದಲು. ಕೇಳಿದರೆ ಸುಳ್ಳು ಹೇಳಬಾರದು. ಇಲ್ಲ ಎನ್ನಲು ಅವನು ಬಾಯಿ ತೆರೆದ, ಇಲ್ಲ ಎಂಬುದು ಬರಲಿಲ್ಲ. ಚಿಕ್ಕವೆಂಕಟಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಭಯವಾಯಿತು, ಅಳು ಬಂತು, ಓಡಿಹೋಗಬೇಕೆನಿಸಿತು.

"ಐತೆ ಅಮ್ಮಾ, ಇನ್ನೊಂದೈತೆ," ಅಂದ. "ಗಾಡೀದಲ್ಲ, ನಂದು. ಆ ಬಿಳಿ ಎತ್ತು ಮಲಗ್ತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಕೊಡಿಸ್ದೆ. ನಿನ್ ಸೊಂಟ ಮುರ್ದಿದ್ದು ಕಣ್ಣು ಬಿದ್ದಲ್ಲ, ನಾನು."

ಶ್ರೀರಾಮಪ್ಪ ಎರಡು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆಂದು ಕೋದಂಡಪ್ಪ ತಲೆ ತಗ್ಗಿಸಿ ನಿಂತ. ಹೊಡೆತ ಬೀಳಲಿಲ್ಲ. ಆವತ್ತು ಯಾಕೆ ಹೇಳಲಿಲ್ಲ ಎಂದು ಶ್ರೀರಾಮಪ್ಪ ಕೇಳಿದ. ನೀನು ಕೇಳಲಿಲ್ಲ ಎಂಬ ಉತ್ತರ ಕೋದಂಡಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ಆಡಲು ಅವನಿಗೆ ನಾಚಿಕೆಯಾಯಿತು. ಮುನಿನಾರಾಯಣಮ್ಮ ಅಕ್ಕನ ಕಡೆ ತಿರುಗಿ ನೋಡಿದಳು. ಅಕ್ಕ ಈ ಸಲ ತಲೆ ತಗ್ಗಿಸಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಇತ್ತು.

ಶ್ರೀರಾಮಪ್ಪ ಕೋದಂಡಪ್ಪನ ಮುಖ ನೋಡದೆ, ಗಾಡಿಗೆಷ್ಟು ಎಂದ.

"ಮೂರು ಸಾವ್ರ," ಅಂದ ಕೋದಂಡಪ್ಪ. ಊರೆಲ್ಲ ಕೇಳಿಸಿಕೊಂಡಿತು. "ಒಂದ್ ಕಾಸು ಕಡ್ಮೆ ಕೊಟ್ರೂ ಅನ್ಯಾಯ."

ಶ್ರೀರಾಮಪ್ಪ ಚೌಕಾಸಿ ಮಾಡಲಿಲ್ಲ. ಒಳಗೆ ಹೋಗಿ ಹಣ ತಂದು ಆರುಮುಗಂನ ಕೈಗಿಟ್ಟ. ಮೂವತ್ತು ವರ್ಷದಲ್ಲಿ ಕೋದಂಡಪ್ಪ ಹೇಳಿದ ರೇಟನ್ನು ಯಾರೊಬ್ಬರೂ ಹಾಗೆ, ಒಂದು ಮಾತೂ ಆಡದೆ, ಕೊಟ್ಟಿರಲಿಲ್ಲ. ಅದರಿಂದ ಸಂತೋಷಪಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹೆಸರು ಉಳಿಯಿತೋ ಹೋಯಿತೋ ಅದೂ ತಿಳಿಯಲಿಲ್ಲ. ಅಂಗಳದ ಅಂಚಿನಲ್ಲಿ ಕರೆಯದೆ ಬಂದ ನೆಂಟನ ಹಾಗೆ ನಿಂತಿದ್ದ.

ಅಕ್ಕಯ್ಯಮ್ಮ ಸೊಸೆಯನ್ನು ಕರೆದು, ತನ್ನನ್ನು ಎತ್ತಿ ಗಾಡಿಯಲ್ಲಿ ಕೂರಿಸಿ ಎಂದಳು. ನಾಲ್ಕು ಜನ ಸೇರಿ ಮೆಲ್ಲಗೆ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಸೀನಪ್ಪ ಹ್ಯಾಂಡಲು ತಿರುಗಿಸಿದ. ಕುಪ್ಪಂಗೆ ತಾನೇ ಅಜ್ಜೀ ಎಂದು ಯಾವುದೋ ಮಗು ಕೂಗಿದ್ದಕ್ಕೆ ಅವನು ನಕ್ಕ. ಮುದುಕಿ ನಗಲಿಲ್ಲ. ಕೋದಂಡಪ್ಪನನ್ನು ಹತ್ತಿರ ಕರೆದಳು.

"ಆ ಎತ್ತು ಈಗ ಎಲ್ಲೈತೆ?"

ವಿ. ಕೋಟೆಯಿಂದಾಚೆ ಆದಿನಾರಾಯಣ ಎಂಬವನಿಗೆ ಮಾರಿದ್ದೆ ಎಂದ ಅವನು. ಆ ಆದಿನಾರಾಯಣನಿಗೆ ಚಾಳಿ ಹೇಳಿದ್ದೀಯಾ ಎಂದಳು. ಕೋದಂಡಪ್ಪ ಇಲ್ಲವೆಂದು ತಲೆಯಾಡಿಸಿದ. ಆ ಎತ್ತನ್ನು ಮಾರಿದ ಮೇಲೆ ಅದರ ವಿಷಯ ಅವನು ಒಂದು ದಿನವೂ ನೆನೆದಿರಲಿಲ್ಲ. ಈಗ ಯಾರೋ ಗುರುತಿಲ್ಲದವರ ಅಂಗಳ, ಅಲ್ಲಿ ಕಟ್ಟಿದ್ದ ಬಿಳಿ ಎತ್ತು, ಪಕ್ಕದಲ್ಲಿ ಹೂಡಲು ಸಿದ್ಧವಾದ ಗಾಡಿ ಅವನ ಕಣ್ಣಮುಂದೆ ಬಂದವು.

"ಕುಪ್ಪಂ ಆಮೇಕೆ," ಅಂದಳು ಅಕ್ಕಯ್ಯಮ್ಮ. "ನನ್ ಸೊಂಟ ಓಯ್ತು, ಓಗ್ಲಿ. ಆ ಮನೇಲೂ ಗಾಡೀಲಿ ಕೂರೋ ಮುದುಕಿ ಒಬ್ಳು ಇರ್ತಾಳೆ. ಬಾ, ಪಕ್ಕದಲ್ಲಿ ಕೂತ್ಕೊ. ದಾರಿ ತೋರ್ಸು."

ಕೋದಂಡಪ್ಪ ಶ್ರೀರಾಮಪ್ಪನ ಕಡೆ ನೋಡಿದ. ಶ್ರೀರಾಮಪ್ಪ ನೀರಿನ ಡಬ್ಬವನ್ನು ತುಂಬಿಸಿ ತಂದು ಅವನ ಕೈಗೆ ಕೊಟ್ಟ. ಡಬ್ಬ ತೊಡೆಯ ಮೇಲಿಟ್ಟುಕೊಂಡು ಅವನು ಮುದುಕಿಯ ಪಕ್ಕ ಕುಳಿತ. ವಿ. ಕೋಟೆಗೆ ಎಡಕ್ಕೆ ತಿರುಗಬೇಕು ಎಂದು ಸೀನಪ್ಪನಿಗೆ ಹೇಳಿದ.